ಮೊದಲು ಹಾಲೋ, ಮೊದಲು ಊಟವೋ: ಮೂರೂ ಮಾಡಿ ನೋಡಿದೆ

ಮಗಳಿಗೆ ಆರು ತಿಂಗಳು ತುಂಬಿದಾಗ ಏನು ತಿನ್ನಿಸಬೇಕು ಅಂತ ಹೇಳುವವರಿಗೆ ಬರವಿರಲಿಲ್ಲ. ಹಾಲು ಕುಡಿಸಿ ತಿನ್ನಿಸಲೋ, ತಿನ್ನಿಸಿ ಹಾಲು ಕುಡಿಸಲೋ, ಎರಡರ ನಡುವೆ ಬಿಡುವು ಕೊಡಲೋ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಕೊನೆಗೆ ಮೂರು ಕ್ರಮಗಳನ್ನೂ ಎರಡೆರಡು ವಾರ ಮಾಡಿ ನೋಡಿದೆ.

ಮೊದಲನೆಯದು, ಹೊಟ್ಟೆ ತುಂಬ ಎದೆಹಾಲು ಕುಡಿಸಿ ಕೂಡಲೇ ಊಟಕ್ಕೆ ಕೂರಿಸುವುದು. ಅಳುವಿಲ್ಲ, ಹಟವಿಲ್ಲ, ನಗುತ್ತಲೇ ಕೂರುತ್ತಿದ್ದಳು. ಎರಡನೇ ಚಮಚಕ್ಕೆ ಮುಖ ತಿರುಗಿಸುತ್ತಿದ್ದಳು. ನಾನು ಬಲವಂತ ಮಾಡಿದ ದಿನ ಕುಡಿದದ್ದೂ ತಿಂದದ್ದೂ ನನ್ನ ಭುಜದ ಮೇಲೆ. ಅವಳದೇನೂ ತಪ್ಪಿಲ್ಲ. ಮಗುವಿನ ಹೊಟ್ಟೆಯಲ್ಲಿ ಹಿಡಿಯುವುದು ತೂಕದ ಪ್ರತಿ ಕೆ.ಜಿ.ಗೆ ಸುಮಾರು 30 ಮಿ.ಲೀ. ಏಳು ಕೆ.ಜಿ. ಮಗುವಿಗೆ ಲೆಕ್ಕ ಹಾಕಿದರೆ 210. ಹಾಲೇ ಅಷ್ಟು ಜಾಗ ಹಿಡಿದ ಮೇಲೆ ಊಟ ಎಲ್ಲಿಗೆ ಹೋಗಬೇಕು?

ಎರಡನೆಯದು ಇದಕ್ಕೆ ತಿರುವುಮುರುವು, ಊಟ ಮೊದಲು. ಹಸಿವಾದರೆ ತಾನಾಗಿ ತಿನ್ನುತ್ತಾಳೆ ಅಂದುಕೊಂಡಿದ್ದೆ. ಹಸಿದ ಕೂಸಿಗೆ ಚಮಚ ಅಂದರೆ ಹಾಲಿಗೆ ಅಡ್ಡ ನಿಂತ ವಸ್ತು, ಅಷ್ಟೇ. ಅರಚಾಟ. ಚೆನ್ನಾಗಿ ತಿಂದ ದಿನಗಳಲ್ಲೇ ನನಗೆ ಹೆಚ್ಚು ಗಾಬರಿಯಾದದ್ದು: ಹಾಲು ಅರ್ಧಕ್ಕೇ ಬಿಡುತ್ತಿದ್ದಳು, ಒದ್ದೆ ಡೈಪರ್ ಕಡಿಮೆಯಾದವು, ನನ್ನ ಎದೆ ಕಲ್ಲಾಗುತ್ತಿತ್ತು. ನಾನು ತಿನ್ನಿಸುತ್ತಿದ್ದದ್ದಾದರೂ ಏನು, ನೀರಿನಂಥ ಗಂಜಿ. ಅದು ಹೊಟ್ಟೆ ತುಂಬಿಸಿ ಹಾಲನ್ನು ಹೊರಗಿಡುತ್ತಿತ್ತೇ ಹೊರತು ಅದರಲ್ಲಿ ಶಕ್ತಿ ಹಾಲಿನಷ್ಟೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎದೆಹಾಲು ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಊಟದಿಂದ ಬೇಕಾದದ್ದು ದಿನಕ್ಕೆ ಸುಮಾರು 200 ಕ್ಯಾಲೊರಿ. ಉಳಿದದ್ದೆಲ್ಲ ಹಾಲಿನ ಪಾಲು. ಆಮೇಲೆ ಚಮಚ ಓರೆ ಮಾಡಿದರೂ ಸುರಿಯದಷ್ಟು ಗಟ್ಟಿಯಾಗಿ ಮಾಡತೊಡಗಿದೆ.

ಮೂರನೆಯದರಲ್ಲಿ ಎರಡನ್ನೂ ಬೇರೆ ಬೇರೆ ಮಾಡಿದೆ. ನಿದ್ದೆಯಿಂದ ಎದ್ದಕೂಡಲೇ ಹಾಲು, ಒಂದು ಗಂಟೆ ಆಟ, ಆಮೇಲೆ ಊಟ. ಗಡಿಯಾರ ನೋಡುತ್ತಾ ಬದುಕಬೇಕು, ಅವಳು ಅವೇಳೆಯಲ್ಲಿ ಮಲಗಿಬಿಟ್ಟರೆ ಇಡೀ ದಿನದ ಲೆಕ್ಕ ಹಳ್ಳ ಹಿಡಿಯುತ್ತದೆ. ಆದರೂ ನನ್ನ ಮನೆಯಲ್ಲಿ ಗೆದ್ದದ್ದು ಇದೇ. ಹಸಿವಿನ ಅಳುವೂ ಇಲ್ಲ, ತುಂಬಿದ ಹೊಟ್ಟೆಯ ಬೇಸರವೂ ಇಲ್ಲ. ಎರಡು ಮೂರು ಚಮಚ ಇದ್ದದ್ದು ಎಂಟನೇ ತಿಂಗಳಿಗೆ ಅರ್ಧ ಬಟ್ಟಲಾಯಿತು.

ಇಷ್ಟೇ ಇಷ್ಟು ತಿನ್ನುವಾಗ ಆ ಚಮಚದೊಳಗೆ ಏನಿದೆ ಅನ್ನುವುದೂ ಮುಖ್ಯ. ಹುಟ್ಟುವಾಗ ತಂದ ಕಬ್ಬಿಣಾಂಶದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಅದು ತೀರಾ ಕಡಿಮೆ. ನಾನೋ, ಸಿಹಿಯಿದ್ದರೆ ಬಾಯಿ ತೆರೆಯುತ್ತಾಳೆ ಅಂತ ಬರೀ ಹಣ್ಣು ಕಿವುಚಿ ಕೊಡುತ್ತಿದ್ದೆ. ಬೇಳೆ, ಮೊಟ್ಟೆ ಸೇರಿಸಿದ್ದು ತಡವಾಗಿ.

ಒಂಬತ್ತು ತುಂಬುತ್ತಲೇ ಆಟ ಬದಲಾಯಿತು. ಅಂಬೆಗಾಲಿಡುತ್ತಾ ಬಂದು ಗಳಿಗೆಗೊಮ್ಮೆ ಎರಡು ಗುಟುಕು ಹಾಲು ಕುಡಿದು ಹೋಗುವುದು, ಊಟಕ್ಕೆ ಕೂರಿಸಿದರೆ ಬೇಡ. ಆಗ ಸೋತಿದ್ದ ಎರಡನೇ ಕ್ರಮಕ್ಕೇ ಮರಳಿದೆ, ಈ ಸಲ ಅದು ನಡೆಯಿತು! ಈ ವಯಸ್ಸಿಗೆ ದಿನಕ್ಕೆ ಮೂರು ನಾಲ್ಕು ಊಟ ಬೇಕು, ಕೈಯಲ್ಲಿ ಹಿಡಿದು ಕಚ್ಚುವ ಆಸೆಯೂ ಬಂದಿರುತ್ತದೆ. ಹಗಲಿನ ಒಂದು ಹಾಲನ್ನು ತೆಗೆದು ಅಲ್ಲಿ ಊಟ ಇಟ್ಟೆ, ವಾರ ಬಿಟ್ಟು ಇನ್ನೊಂದು. ಒಟ್ಟಿಗೇ ನಿಲ್ಲಿಸಿದ್ದರೆ ಎದೆ ಬಿಗಿದು ನಾನೇ ಅಳುತ್ತಿದ್ದೆ.

ಬಾಟಲಿ ಹಾಲಿನವರಿಗೂ ಈ ಕ್ರಮ ಹೊಂದೀತು, ಕುಡಿದದ್ದೆಷ್ಟು ಅಂತ ಕಣ್ಣಿಗೆ ಕಾಣುವುದು ಅವರಿಗೆ ಹೆಚ್ಚಿನ ಅನುಕೂಲ. ಆದರೆ ವರ್ಷ ತುಂಬುವ ತನಕ ಹಸುವಿನ ಹಾಲನ್ನು ಕುಡಿಯುವ ಮುಖ್ಯ ಹಾಲಾಗಿ ಕೊಡಬಾರದು.

ಈಗ ಹತ್ತು ತಿಂಗಳು. ಹಗಲು ಊಟ ಕಡಿಮೆಯಾದ ದಿನ ಬಾಕಿಯನ್ನು ರಾತ್ರಿ ವಸೂಲಿ ಮಾಡುತ್ತಾಳೆ. ನಡುರಾತ್ರಿಯ ಆ ಒಂದು ಹಾಲಿಗೆ ನಾನಿನ್ನೂ ಕೈ ಹಾಕಿಲ್ಲ.