ದೋಸ್ತನ ಹಾಡಿಗೆ ಮೂರು ಟ್ರಯಲ್

ದೋಸ್ತನ ಬ್ಯಾಂಡಿನ ಹೊಸ ಹಾಡು 3 ನಿಮಿಷ 20 ಸೆಕೆಂಡಿನದು. ವಿಡಿಯೊ ಮಾಡಿಕೊಡು ಅಂದ. ಷರತ್ತು ಒಂದೇ: ‘ವಿಜಯಪುರ ಅಂದಕೂಡ್ಲೆ ಗೋಳಗುಮ್ಮಟ ತೋರಸಬ್ಯಾಡಲೇ.’ ನನಗೂ ನಿರಾಳವಾಯಿತು. ಅಲ್ಲಿ ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿಗೆ ಓಡಾಡಬೇಕು. ಅದು ಸಿಕ್ಕರೂ, ಪಿಸುಮಾತೇ ತಿರುಗಿ ಬರುವ ಗುಮ್ಮಟದೊಳಗೆ ಸ್ಪೀಕರ್ ಹಚ್ಚಿದರೆ ಯಾವ ಸಾಲಿಗೆ ಬಾಯಿ ಆಡಿಸಬೇಕೋ ಹಾಡುವವನಿಗೇ ತಿಳಿಯದು. ಮೊದಲು ತಂತ್ರ ಗಟ್ಟಿಯಾಗಲಿ ಎಂದು ಒಂದೇ ಪಲ್ಲವಿಯನ್ನು ಮೂರು ಬಗೆಯಲ್ಲಿ ಶೂಟ್ ಮಾಡಿ ನೋಡಿದೆ.

ಶುರು ಮಾಡಿದ್ದು ಸ್ಟಾಪ್ ಮೋಷನ್‌ನಿಂದ. ಕರಿ ಕಂಬಳಿ ಹಾಸಿ, ಬಿಳಿಜೋಳದಲ್ಲಿ ಒಂದು ಮುಖ ಬರೆದು, ಕಾಳು ಸರಿಸುತ್ತ ಒಂದೊಂದೇ ಫೋಟೊ. ಸೆಕೆಂಡಿಗೆ 12 ಚಿತ್ರ ಹಿಡಿದರೂ ಇಡೀ ಹಾಡಿಗೆ 2,400 ಬೇಕು. ರಾತ್ರಿ ಉಂಡು ಕೂತವರು ಎರಡು ಗಂಟೆಗೆ ಏಳುವಾಗ ಆಗಿದ್ದು 96, ಅಂದರೆ 8 ಸೆಕೆಂಡು! ಅದರಲ್ಲೂ ಮೊದಲ ಇಪ್ಪತ್ತು ಕೆಟ್ಟವು. ವೈಟ್ ಬ್ಯಾಲೆನ್ಸ್ ಲಾಕ್ ಮಾಡುವುದು ಮರೆತಿದ್ದೆ. ಮುಖ ಒಮ್ಮೆ ಹಳದಿ, ಒಮ್ಮೆ ನೀಲಿ. ಆದರೂ ಕಾಳಿನ ತುಟಿ ಅಲುಗಾಡಿದಾಗ ಮೈ ಜುಮ್ಮೆಂದಿದ್ದು ನಿಜ. ಬೆಳಗ್ಗೆ ಅವ್ವ ಬಂದು, ‘ಗಿರಣಿಗಿ ಒಯ್ಯಾಕ ಹಸನ ಮಾಡಿಟ್ಟ ಜ್ವಾಳ ಅದು, ಡಬ್ಬ್ಯಾಗ ಹಾಕ್ರಿ’ ಅಂದಳು. ಹಾಕಿದೆವು.

ಎರಡನೆಯದು ಉಲ್ಟಾ ಓಡಿಸುವುದು. ಹಾಡುವವನು ಸಾಲನ್ನು ಹಿಂದುಮುಂದಾಗಿ ಕಲಿತು ಹಾಡಬೇಕು. ವಿಡಿಯೊ ತಿರುಗಿಸಿದರೆ ತುಟಿ ಸರಿಯಾಗುತ್ತದೆ, ಚೆಲ್ಲಿದ ಮಣ್ಣು ಮುಷ್ಟಿಗೆ ಮರಳುತ್ತದೆ. ಕನ್ನಡಕ್ಕೆ ಇದು ಕಷ್ಟ. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ‘ಮಳೆ ಬಂತು’ ಅನ್ನುವುದು ‘ಉತ್ನಬ್ ಎಳಮ್’ ಆಯಿತು, ದೋಸ್ತ ನಗುತ್ತ ನೆಲಕ್ಕೆ ಬಿದ್ದ. ಒಂದು ಲಾಭ: ನೋಡುವವರ ಕಣ್ಣಿಗೆ ಬೀಳುವುದು ತುಟಿ ಕೂಡುವ ಪ, ಬ, ಮ ಮಾತ್ರ ಎಂದು ಗೊತ್ತಾಯಿತು, ಅವು ಸರಿ ಬಿದ್ದರೆ ಉಳಿದದ್ದು ನಡೆದುಹೋಗುತ್ತದೆ. ಆದರೆ ಮಣ್ಣು ಒಮ್ಮೆ ಕೈಗೆ ಹಾರಿದ ಮೇಲೆ ಯಾರೂ ಹಾಡು ಕೇಳುವುದಿಲ್ಲ, ಮುಂದಿನ ಚಮತ್ಕಾರಕ್ಕೆ ಕಾಯುತ್ತಾರೆ. ಅದಕ್ಕೇ ಬಿಟ್ಟೆ.

ಮೂರನೆಯದಕ್ಕೆ ಡೋಣಿ ಹೊಳೆಯ ಹತ್ತಿರ ಪರಿಚಯದ ಕಾಕಾರ ಎರೆಹೊಲಕ್ಕೆ ಹೋದೆವು. ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಚ್ಚಿ, ಬ್ಯಾಂಡು ಅದೇ ವೇಗಕ್ಕೆ ನುಡಿಸುವುದು. ಕ್ಯಾಮೆರಾ ಸೆಕೆಂಡಿಗೆ 50 ಫ್ರೇಮ್ ಹಿಡಿಯುವುದು. ಎಡಿಟಿಂಗಿನಲ್ಲಿ 25ಕ್ಕೆ ಇಳಿಸಿ ಮೂಲ ಹಾಡು ಕೂರಿಸುವುದು. ಬಾಯಿ ಹಾಡಿನ ಜೊತೆ ಸರಿಯಾಗಿ ಹೊಂದುತ್ತದೆ, ಆದರೆ ಜೋಳದ ತೆನೆ, ಧೂಳು, ಹೆಗಲ ಮೇಲಿನ ಟವೆಲ್ಲು ಎಲ್ಲವೂ ನೀರೊಳಗೆ ಇದ್ದಂತೆ ತೇಲುತ್ತವೆ. ಏನೋ ವಿಚಿತ್ರವಿದೆ ಅನಿಸುತ್ತದೆ, ಏನೆಂದು ಥಟ್ಟನೆ ಹೊಳೆಯುವುದಿಲ್ಲ. ನನಗೆ ಬೇಕಿದ್ದದ್ದು ಅದೇ.

ಸುಲಭವೇನಲ್ಲ. ಡ್ರಮ್ಸ್ ಹುಡುಗನ ರಟ್ಟೆ ನಾಲ್ಕನೇ ಟೇಕಿಗೇ ಸೋತವು. ದೂರದ ಶಾಟಿನಲ್ಲಿ ತುಟಿ ಹೊಂದದೆ ಅರ್ಧ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಲೆಕ್ಕ ಹಾಕಿದೆ: ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, 50 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮಿಗೆ ಹತ್ತಿರಹತ್ತಿರ 7 ಮೀಟರ್. ಸ್ಪೀಕರ್ ಅವರ ಕಾಲ ಬಳಿ, ನನ್ನ ಕ್ಯಾಮೆರಾ 30 ಮೀಟರ್ ಆಚೆ. ಕ್ಯಾಮೆರಾಕ್ಕೆ ಕೇಳಿದ ಹಾಡೇ ನಾಲ್ಕು ಫ್ರೇಮ್ ತಡ! ಅದಕ್ಕೆ ತಾಳೆ ಹಾಕಿ ಕೂರಿಸಿದ್ದರಿಂದಲೇ ಎಲ್ಲ ಜಾರಿತ್ತು. ಈಗ ಸ್ಪೀಕರ್ ಪಕ್ಕ ಒಬ್ಬ ನಿಂತು, ಕ್ಯಾಮೆರಾಕ್ಕೆ ಕಾಣುವಂತೆ ಹಾಡಿನ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹೊಡೆಯುತ್ತಾನೆ. ಕೈ ಕೂಡಿದ ಫ್ರೇಮ್ ನೋಡಿ ಹೊಂದಿಸುತ್ತೇನೆ.

ಅಂದವೊಂದನ್ನೇ ನೋಡಿದರೆ ಜೋಳದ ಮುಖಕ್ಕೇ ನನ್ನ ಮತ. ಆದರೆ ಅದರಲ್ಲಿ ದೋಸ್ತನ ಕಣ್ಣಿಲ್ಲ, ಈ ಹಾಡು ನಿಂತಿರುವುದೇ ಅವನ ಕಣ್ಣಿನ ಮೇಲೆ. ಹೊಲದ ಟ್ರಯಲ್ ಗೆದ್ದಿತು. ಎರಡನೇ ಚರಣ ಮೊದಲೇ ಬಿರುಸು, ಅದನ್ನು ಎರಡು ಪಟ್ಟು ವೇಗಕ್ಕೆ ಹಾಡುವುದು ಇನ್ನೂ ಅವನಿಗೆ ಒಗ್ಗಿಲ್ಲ. ದಿನಾ ಬೆಳಗ್ಗೆ ಬಚ್ಚಲಲ್ಲಿ ತಾಲೀಮು ನಡೆದಿದೆ. ಕಾಕಾ ಬೇರೆ ಹೇಳಿಬಿಟ್ಟಿದ್ದಾರೆ: ‘ಮುಂದಿನ ವಾರ ಕೊಯ್ಲಿಗೆ ಆಳು ಬರ್ತಾವ, ಅಷ್ಟರಾಗ ಮುಗಿಸ್ಕೋರಿ.’