ಟಿವಿ ಬೇಗ ಆನ್ ಆಗಬೇಕೆ? ಸಾದಾ ಎಲ್‌ಇಡಿ ಮತ್ತು ಸ್ಮಾರ್ಟ್ ಟಿವಿ

ಡೊಂಬಿವಲಿಯ ನಮ್ಮ ಕನ್ನಡ ಮನೆಗಳಲ್ಲಿ ಹೊಸ ಟಿವಿ ಕೊಳ್ಳುವವರು ಇಂಚು, ಬೆಲೆ ವಿಚಾರಿಸುತ್ತಾರೆ. ವಾರ್ತೆಗೆ ಕಾದು ಕೂರುವ ಹಿರಿಯರಿದ್ದರೆ ಆನ್ ಆಗಲು ಎಷ್ಟು ಹೊತ್ತು ಬೇಕೆಂಬುದನ್ನೂ ಕೇಳಲೇಬೇಕು.

ಸಾದಾ ಎಲ್‌ಇಡಿಯಲ್ಲಿ ಕೆಲವೇ ಸೆಕೆಂಡಿಗೆ ಪರದೆ ಬೆಳಗುತ್ತದೆ. (ಸೆಟ್‌ಟಾಪ್ ಬಾಕ್ಸ್ ತಡ ಮಾಡಿದರೆ ಅದು ಟಿವಿಯ ತಪ್ಪಲ್ಲ.)

ಸ್ಮಾರ್ಟ್ ಟಿವಿಯ ಕಥೆಯೇ ಬೇರೆ. ಗೋಡೆಯ ಸ್ವಿಚ್ ಆರಿಸಿಟ್ಟಿದ್ದರೆ ಸ್ವಿಚ್ ಆಫ್ ಆದ ಮೊಬೈಲಿನಂತೆ ಮೊದಲಿನಿಂದ ಶುರುವಾಗಬೇಕು: ಲೋಗೋ, ಆಮೇಲೆ ಹೋಮ್ ಸ್ಕ್ರೀನ್, ಅದು ಬಂದ ಮೇಲೂ ರಿಮೋಟ್ ಒತ್ತಿದರೆ ಒಂದಿಷ್ಟು ಹೊತ್ತು ಮಿಸುಕುವುದಿಲ್ಲ. ಕಡಿಮೆ ರ‍್ಯಾಮ್ ಇರುವ ಅಗ್ಗದ ಸೆಟ್‌ಗಳಲ್ಲಿ ಅರ್ಧ ನಿಮಿಷ ದಾಟುವುದು ಸಾಮಾನ್ಯ. ರಿಮೋಟಿನಿಂದಲೇ ಆರಿಸಿ ಸ್ಟ್ಯಾಂಡ್‌ಬೈನಲ್ಲಿ ಬಿಟ್ಟರೆ ಬಹುತೇಕ ಸೆಟ್‌ಗಳು ಬೇಗ ಏಳುತ್ತವೆ. ಕರೆಂಟಿನ ಚಿಂತೆಯೇ? ಅರ್ಧ ವ್ಯಾಟ್ ಎಳೆದರೆ ತಿಂಗಳಿಗೆ ಅರ್ಧ ಯೂನಿಟ್ಟೂ ಆಗದು. ಟಿವಿಯನ್ನು ಅರೆ ಎಚ್ಚರದಲ್ಲಿಟ್ಟು ಇನ್ನೂ ಬೇಗ ಏಳಿಸುವ ‘ಕ್ವಿಕ್ ಸ್ಟಾರ್ಟ್’ ಸೆಟ್ಟಿಂಗ್ ಹಾಕಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ. 15 ವ್ಯಾಟ್ ಎಳೆಯುವ ಸೆಟ್ ದಿನವಿಡೀ ಹಾಗೇ ಇದ್ದರೆ ತಿಂಗಳಿಗೆ ಸುಮಾರು 11 ಯೂನಿಟ್.

ಅಂಗಡಿಯಲ್ಲಿ ಸೆಟ್‌ಗಳು ಸದಾ ಆನ್ ಇರುತ್ತವೆ. ಪ್ಲಗ್ ತೆಗೆಸಿ, ಮತ್ತೆ ಹಾಕಿಸಿ, ಗಡಿಯಾರ ನೋಡಿ. ಮಲಗುವ ಮುನ್ನ ಗೋಡೆಯ ಸ್ವಿಚ್ ಆರಿಸುವ ರೂಢಿಯಿರುವ ಮನೆಗೆ ನಾನು ಸಾದಾ ಎಲ್‌ಇಡಿಯನ್ನೇ ಹೇಳುತ್ತೇನೆ.