ಆರು ಮಳೆಗಾಲ ನೋಡಿದ 63/37 ಸೋಲ್ಡರ್, ಜೊತೆಗೆ ಒಂದು ಸಿರಿಂಜ್ ಫ್ಲಕ್ಸ್

ಡೊಂಬಿವ್ಲಿಯ ನಮ್ಮ ಮನೆಯ ಬಾಲ್ಕನಿಗೆ ಗಾಜು ಹಾಕಿಸಿ ಒಂದು ಮೇಜು ಇಟ್ಟುಕೊಂಡಿದ್ದೇನೆ. ರಾತ್ರಿ ಊಟ ಆದ ಮೇಲೆ ಒಂದೆರಡು ಗಂಟೆ ಅಲ್ಲೇ. ಹಳೇ ರೇಡಿಯೋ, ಆಂಪ್ಲಿಫೈಯರ್, ಚಾರ್ಜರ್, ಯಾರಾದರೂ ತಂದುಕೊಟ್ಟ ಆಟಿಕೆ, ಹೀಗೆ ಏನಾದರೂ ಬಿಚ್ಚುವುದು, ಜೋಡಿಸುವುದು. ಆರು ವರ್ಷದಿಂದ ಒಂದೇ ಬಗೆಯ ಸೋಲ್ಡರ್ ಬಳಸುತ್ತಿದ್ದೇನೆ: ತವರ ಮತ್ತು ಸೀಸ ಬೆರೆತ 63/37, ಒಳಗೆ ರೋಸಿನ್ (ಅದೂ ಒಂದು ಫ್ಲಕ್ಸ್) ಇರುವ 22 ಗೇಜ್ ಬೆಸುಗೆ ತಂತಿ. ಮೂರು ವರ್ಷದಿಂದ ಅದರ ಜೊತೆ ಸಿರಿಂಜ್‌ನಲ್ಲಿ ಬರುವ ನೋ-ಕ್ಲೀನ್, ಅಂದರೆ ಆಮೇಲೆ ತೊಳೆಯಬೇಕಿಲ್ಲ ಅನ್ನುವ ಜೆಲ್ ಫ್ಲಕ್ಸ್. ಫ್ಲಕ್ಸ್ ಅಂದರೆ ಸೋಲ್ಡರ್ ಲೋಹಕ್ಕೆ ಚೆನ್ನಾಗಿ ಹಿಡಿಯಲು ಹಚ್ಚುವ ವಸ್ತು. ಮುಂಬೈ ಕಡೆಯ ಮಳೆಗಾಲದಲ್ಲಿ ಇವು ಹೇಗೆ ಬಾಳಿಕೆ ಬಂದವು ಅಂತ ಹೇಳಬೇಕು ಅನ್ನಿಸಿತು. ಹೊಸದಾಗಿ ಶುರು ಮಾಡುವವರು ಬೆಸುಗೆ ಹಾಕುವ ಐರನ್‌ಗೆ ದುಡ್ಡು ಹಾಕುತ್ತಾರೆ, ಸೋಲ್ಡರ್ ಮತ್ತು ಫ್ಲಕ್ಸ್ ಮಾತ್ರ ಕೈಗೆ ಸಿಕ್ಕಿದ್ದು ತರುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಮೊದಲು ತಂದ ಸುರುಳಿ ತುಂಬಾ ಅಗ್ಗದ್ದು. ಲೇಬಲ್ ಮೇಲೆ 60/40 ಅಂತಿತ್ತು. ಕರಗಿಸಿದರೆ ನೀರಿನ ಹಾಗೆ ಹರಡುತ್ತಿರಲಿಲ್ಲ, ಗಂಜಿಯ ಹಾಗೆ ಮುದ್ದೆಯಾಗಿ ನಿಲ್ಲುತ್ತಿತ್ತು. ಆರಿದ ಮೇಲೆ ಬೂದಿ ಬಣ್ಣ. ಮಧ್ಯೆ ಮಧ್ಯೆ ಒಂದೆರಡು ಇಂಚು ತಂತಿಯಲ್ಲಿ ಫ್ಲಕ್ಸೇ ಇಲ್ಲ. ಒಂದು ತಿಂಗಳು ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ಆಮೇಲೆ ಮುಂಬೈನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 63/37 ತಂದೆ. ಅದೇ 25 ವ್ಯಾಟಿನ ಸೋಲ್ಡ್ರಾನ್ ಕಂಪನಿಯ ಐರನ್, ಅದೇ ಕೈ. ಮೊದಲ ಬೆಸುಗೆಯೇ ಕನ್ನಡಿಯ ಹಾಗೆ ಹೊಳೆಯಿತು.

ವ್ಯತ್ಯಾಸ ಎಲ್ಲಿದೆ ಅಂದರೆ, 63 ಭಾಗ ತವರ, 37 ಭಾಗ ಸೀಸ ಸೇರಿದ ಲೋಹ ಸರಿಯಾಗಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅಲ್ಲೇ ಗಟ್ಟಿಯಾಗುತ್ತದೆ. ನಡುವೆ ಬೇರೆ ಹಂತ ಇಲ್ಲ. 60/40 ಹಾಗಲ್ಲ. ಅದು 183ರಲ್ಲಿ ಕರಗಲು ಶುರುವಾದರೂ ಪೂರ್ತಿ ನೀರಾಗಲು ಇನ್ನೂ ಕೆಲವು ಡಿಗ್ರಿ ಬೇಕು. ಆರುವಾಗಲೂ ಆ ಸ್ವಲ್ಪ ಹೊತ್ತು ಅರೆಗಟ್ಟಿಯಾಗಿರುತ್ತದೆ. ಅಷ್ಟರಲ್ಲಿ ತಂತಿ ಒಂಚೂರು ಅಲುಗಿದರೂ ಬೆಸುಗೆ ಒಳಗೇ ಬಿರುಕು ಬಿಡುತ್ತದೆ. ಒಂದು ಕೈಯಲ್ಲಿ ಐರನ್, ಇನ್ನೊಂದರಲ್ಲಿ ಸೋಲ್ಡರ್ ಇರುವಾಗ ತಂತಿ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ಅದಕ್ಕೇ ಕಲಿಯುವವರಿಗೆ 63/37 ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ಒಳ್ಳೇ ಕಂಪನಿಯ 60/40 ಕೂಡ ಕೆಟ್ಟದ್ದಲ್ಲ. ಆದರೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದಾಗ ಅದನ್ನು ಯಾಕೆ ತರಬೇಕು?

22 ಗೇಜ್ ಅಂದರೆ ಸುಮಾರು 0.7 ಮಿಲಿಮೀಟರ್ ದಪ್ಪ. ಸಾಮಾನ್ಯ ಕಾಲುಗಳಿರುವ ಬಿಡಿಭಾಗಗಳಿಗೆ ಇದೇ ಸರಿ. 50 ಗ್ರಾಂ ಸುರುಳಿಯಲ್ಲಿ ಸುಮಾರು 15 ಮೀಟರ್ ಬರುತ್ತದೆ, ಹೊಸಬರಿಗೆ ಬೇಕಾದಷ್ಟಾಯಿತು. 18 ಗೇಜ್ ತಂದರೆ ಮುಟ್ಟಿಸಿದ ಕೂಡಲೇ ಹನಿ ದೊಡ್ಡದಾಗಿ ಪಕ್ಕದ ಕಾಲಿಗೂ ಅಂಟಿಕೊಳ್ಳುತ್ತದೆ.

ಫ್ಲಕ್ಸ್ ವಿಷಯಕ್ಕೆ ಬಂದರೆ ನನಗೆ ಹೇಳಲು ಜಾಸ್ತಿ ಇದೆ.

ಚಿಕ್ಕವನಿದ್ದಾಗ ಊರಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಬರುತ್ತಿದ್ದ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಹತ್ತಿಯಿಂದ ಒಂದು ಸುತ್ತು ಉಜ್ಜಿದರೆ ಬಿಳೀ ಹೊಗೆ ಭುಸ್ಸೆಂದು ಏಳುತ್ತಿತ್ತು. ಹಿಂದೆಯೇ ತವರ ಬೆಳ್ಳಿಯ ಹಾಗೆ ಹರಡಿಕೊಳ್ಳುತ್ತಿತ್ತು. ಆ ನವಸಾಗರವೇ ಫ್ಲಕ್ಸ್. ಲೋಹದ ಮೇಲಿನ ಕಿಲುಬನ್ನು ತೆಗೆದು ತವರ ಹಿಡಿಯುವ ಹಾಗೆ ಮಾಡುವುದು ಅದರ ಕೆಲಸ. ಪಾತ್ರೆಯನ್ನು ಆಮೇಲೆ ನೀರಲ್ಲಿ ತೊಳೆಯುತ್ತಾರೆ. ಸರ್ಕ್ಯೂಟ್ ಬೋರ್ಡನ್ನು ಹಾಗೆ ತೊಳೆಯುವವರು ಯಾರು?

ತೊಳೆಯದೇ ಬಿಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ನಮ್ಮ ಕನ್ನಡ ಸಂಘದ ಮೈಕ್ ಮಿಕ್ಸರ್‌ನಿಂದ. ರಾಜ್ಯೋತ್ಸವದ ಹಿಂದಿನ ವಾರ ಅದರ ಒಂದು ಜ್ಯಾಕ್ ಸಡಿಲವಾಗಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ದುಂಡು ಡಬ್ಬಿಯ ಪೇಸ್ಟ್ ಸವರಿ ಬೆಸುಗೆ ಹಾಕಿದೆ. ಎಷ್ಟು ಚೆನ್ನಾಗಿ ಹಿಡಿಯಿತು ಅಂತೀರಿ! ಕಾರ್ಯಕ್ರಮ ಸಲೀಸಾಗಿ ಆಯ್ತು. ಮುಂದಿನ ಜುಲೈನಲ್ಲಿ ಅದೇ ಚಾನೆಲ್ ಕರಕರ ಅನ್ನತೊಡಗಿತು. ಸಂಘದ ಸೌಂಡ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಮಾಮ ಅಂತಲೇ ಕರೆಯುವುದು. ಅವರ ಎದುರೇ ಬಿಚ್ಚಿದೆ. ಜ್ಯಾಕಿನ ಕಾಲಿನ ಸುತ್ತ ಹಸಿರು ಪುಡಿ. ಭೂತಗನ್ನಡಿ ಹಿಡಿದು ನೋಡಿದರೆ, ತಾಮ್ರದ ಗೆರೆ ಅರ್ಧ ಇಂಚಿನಷ್ಟು ತಿಂದುಹೋಗಿತ್ತು. ಹಲ್ಲಿನ ಕಡ್ಡಿಯಲ್ಲಿ ಮುಟ್ಟಿದ್ದಕ್ಕೇ ಎದ್ದು ಬಂತು.

"ಏನೋ, ನಲ್ಲಿ ರಿಪೇರಿಯವರ ಪೇಸ್ಟ್ ಹಾಕಿದ್ಯಾ?" ಅಂದರು ಮಾಮ.

"ಡಬ್ಬಿ ಮೇಲೆ ಸೋಲ್ಡರಿಂಗ್ ಪೇಸ್ಟ್ ಅಂತಲೇ ಇತ್ತು ಮಾಮ."

"ತಗಡು, ಪೈಪು ಬೆಸೆಯೋದಕ್ಕೂ ಅದೇ ಹೆಸರು ಕಣೋ. ಅದರಲ್ಲಿ ಆಸಿಡ್ ಗುಣ ಇರುತ್ತೆ."

ಅಂಥ ಪೇಸ್ಟ್‌ಗಳಲ್ಲಿ ಸಾಮಾನ್ಯವಾಗಿ ಜಿಂಕ್ ಕ್ಲೋರೈಡ್ ಇರುತ್ತದೆ, ಕೆಲವದರಲ್ಲಿ ನವಸಾಗರವೂ ಸೇರಿರುತ್ತದೆ. ಬೆಸುಗೆ ಮುಗಿದ ಮೇಲೂ ಅದು ಸುಮ್ನೆ ಇರುವುದಿಲ್ಲ. ಗಾಳಿಯಲ್ಲಿನ ನೀರನ್ನು ಎಳೆದುಕೊಂಡು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ನಮ್ಮಲ್ಲಿ ಜುಲೈ, ಆಗಸ್ಟ್‌ನಲ್ಲಿ ತೇವಾಂಶ ಶೇಕಡ 80 ದಾಟುವುದು ಮಾಮೂಲು. ಒಣ ಹವೆಯ ಊರಿನಲ್ಲಿ ವರ್ಷಗಟ್ಟಲೆ ಗೊತ್ತಾಗದ ತಪ್ಪು ಇಲ್ಲಿ ಒಂದೇ ಮಳೆಗಾಲದಲ್ಲಿ ಕಾಣಿಸಿತು. ಅವತ್ತು ತಾಮ್ರ ಕೆರೆದು, ಸಣ್ಣ ತಂತಿ ಜೋಡಿಸಿ ಚಾನೆಲ್ ಉಳಿಸಿಕೊಂಡೆ. ಅದು ನನ್ನ ಸ್ವಂತದ್ದಲ್ಲ, ಸಂಘದ ಸಾಮಾನು. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ರೋಸಿನ್ ಹಾಗೆ ಮಾಡುವುದಿಲ್ಲ. ಅದು ಪೈನ್ ಮರದ ರಾಳ. ಮಗಳ ಪಿಟೀಲಿನ ಕಮಾನಿಗೆ ತಿಕ್ಕುವ ಜೇನು ಬಣ್ಣದ ಗಟ್ಟಿ ಇದೆಯಲ್ಲ, ಅದೂ ಇದೇ ರಾಳದ್ದು. ಬಿಸಿಯಾಗಿ ಕರಗಿದಾಗ ಮಾತ್ರ ಅದರ ಆಮ್ಲ ಕಿಲುಬು ತೆಗೆಯುತ್ತದೆ. ಆರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗಿ ತೆಪ್ಪಗೆ ಕೂತುಬಿಡುತ್ತದೆ. ಆರು ವರ್ಷದ ಹಿಂದೆ ಕಟ್ಟಿದ ನನ್ನ ಮೊದಲ ಪವರ್ ಸಪ್ಲೈ ಬೋರ್ಡನ್ನು ಈಚೆಗೆ ಬಿಚ್ಚಿ ನೋಡಿದೆ. ಬೆಸುಗೆಗಳ ಸುತ್ತ ಹಳದಿ ರೋಸಿನ್ ಹಾಗೇ ಇದೆ, ಹಸಿರು ಎಲ್ಲೂ ಇಲ್ಲ.

ಸಿರಿಂಜ್ ಜೆಲ್ ಬಗ್ಗೆ. ಸಣ್ಣ ಸಣ್ಣ ಕಾಲುಗಳ ಐಸಿ ಚಿಪ್ ಕೂರಿಸಲು ಇದಿಲ್ಲದೆ ನನಗೆ ಆಗುವುದಿಲ್ಲ. ಸಾಲಿನ ಮೇಲೆ ಒಂದು ಎಳೆ ಜೆಲ್ ಇಟ್ಟು ಐರನ್ ಎಳೆದುಕೊಂಡು ಹೋದರೆ ಸೋಲ್ಡರ್ ತಾನಾಗಿ ಕಾಲುಗಳಿಗೆ ಹಂಚಿಹೋಗುತ್ತದೆ. ಆದರೆ ನೋ-ಕ್ಲೀನ್ ಅನ್ನುವ ಹೆಸರನ್ನು ಪೂರ್ತಿ ನಂಬಬೇಡಿ. ಬಿಸಿ ಚೆನ್ನಾಗಿ ತಾಗಿದ ಕಡೆ ಸರಿ. ಪಕ್ಕಕ್ಕೆ ಹರಿದು ಬಿಸಿ ತಾಗದೇ ಉಳಿದದ್ದು ಅಂಟಂಟಾಗಿ ಧೂಳು ಹಿಡಿಯುತ್ತದೆ, ತೇವಕ್ಕೆ ತೊಂದರೆಯನ್ನೂ ಕೊಡಬಹುದು. ನಾನಂತೂ ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಟೂತ್‌ಬ್ರಷ್ ಹಿಡಿದು ಎರಡು ಸಲ ಉಜ್ಜುತ್ತೇನೆ. ಒಂದೇ ಸಲ ಉಜ್ಜಿ ಬಿಟ್ಟರೆ ಬಿಳೀ ಪೊರೆ ಉಳಿಯುತ್ತದೆ. ಒಮ್ಮೆ ದೊಡ್ಡ ಬ್ರಾಂಡಿನ ಲೇಬಲ್ ಇದ್ದ ನಕಲಿ ಸಿರಿಂಜ್ ಸಿಕ್ಕಿತ್ತು. ನೀರು ನೀರಾಗಿತ್ತು, ಕೆಟ್ಟ ವಾಸನೆ ಬೇರೆ, ಐರನ್ನಿನ ತುದಿಯೂ ಕಪ್ಪಾಯಿತು. ಈಗ ಪರಿಚಯದ ಅಂಗಡಿಯಲ್ಲಿ ಮಾತ್ರ ತರುತ್ತೇನೆ.

ಸೀಸ ಇಲ್ಲದ ಸೋಲ್ಡರನ್ನೂ ಒಂದು ವರ್ಷ ಬಳಸಿದ್ದೇನೆ. ಎಲೆಕ್ಟ್ರಾನಿಕ್ಸ್ ಸಾಮಾನಿನಲ್ಲಿ ಸೀಸಕ್ಕೆ ಕಡಿವಾಣ ಹಾಕಿದ ಯುರೋಪಿನ ರೋಹ್ಸ್ ನಿಯಮ 2006ರ ಜುಲೈನಲ್ಲಿ ಜಾರಿಯಾದ ಮೇಲೆ ಫ್ಯಾಕ್ಟರಿ ಬೋರ್ಡುಗಳಲ್ಲಿ ಹೆಚ್ಚಾಗಿ ಅದೇ. ತವರ-ತಾಮ್ರದ ಬಗೆ ಕರಗಲು 227 ಡಿಗ್ರಿ ಬೇಕು. ನನ್ನ 25 ವ್ಯಾಟಿನ ಐರನ್ ಅದಕ್ಕೆ ಏದುಸಿರು ಬಿಡುತ್ತಿತ್ತು, ತುದಿಯೂ ಬೇಗ ಸವೆಯಿತು. ಒಳ್ಳೇ ಬೆಸುಗೆಯೂ ಮಂಕಾಗಿಯೇ ಕಾಣುವುದರಿಂದ ಕಲಿಯುವವರಿಗೆ ಸರಿ ತಪ್ಪು ಗೊತ್ತಾಗುವುದು ಕಷ್ಟ. ಒಂದು ಉಪಾಯ ಮಾತ್ರ ಚೆನ್ನಾಗಿದೆ. ಅಂಥ ಬೋರ್ಡಿನಿಂದ ಏನಾದರೂ ಬಿಚ್ಚಬೇಕಾದರೆ ಮೊದಲು ಆ ಬೆಸುಗೆಗೆ ಸ್ವಲ್ಪ 63/37 ಸೇರಿಸಿ. ಬೆಣ್ಣೆಯ ಹಾಗೆ ಬಿಟ್ಟುಕೊಳ್ಳುತ್ತದೆ.

ಇನ್ನು ಸೀಸದ ಭಯ. ಐರನ್ನಿನ ಬಿಸಿಗೆ ಸೀಸ ಆವಿಯಾಗಿ ಮೂಗಿಗೆ ಬರುವುದಿಲ್ಲ. ಕಾಣುವ ಹೊಗೆ ರೋಸಿನ್ನಿನದು, ಅದು ಉಬ್ಬಸ ತರಬಲ್ಲದು. ಅದಕ್ಕೆ ಒಂದು ಸಣ್ಣ ಫ್ಯಾನ್ ಇಟ್ಟು ಹೊಗೆಯನ್ನು ಕಿಟಕಿಗೆ ತಳ್ಳುತ್ತೇನೆ. ಸೀಸ ಹೊಟ್ಟೆಗೆ ಹೋಗುವುದು ಕೈಯಿಂದ. ಎರಡೂ ಕೈ ತುಂಬಿದಾಗ ಸೋಲ್ಡರ್ ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಮೇಜಿನಲ್ಲಿ ಚಹಾ, ಚಕ್ಕುಲಿ ಇಡಬೇಡಿ, ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಮಗಳು ಕೂತಾಗ ಮಾತ್ರ ಸೀಸ ಇಲ್ಲದ ಸುರುಳಿ ಮತ್ತು ಹೆಚ್ಚು ವ್ಯಾಟಿನ ಇನ್ನೊಂದು ಐರನ್ ತೆಗೆಯುತ್ತೇನೆ. ಹತ್ತು ವರ್ಷದ ಮಗುವಿಗೆ ಕೈ ತೊಳೆಯುವ ನೆನಪು ಎಷ್ಟು ಇರುತ್ತದೆ?

ದಾದರ್‌ನಲ್ಲಿ ರೈಲು ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್ ನಡೆದು ಹೋಗುವಷ್ಟು ಹತ್ತಿರ. ಅಂಗಡಿಯಲ್ಲಿ ಸುಮ್ನೆ ಸೋಲ್ಡರ್ ಕೊಡಿ ಅನ್ನಬೇಡಿ. 63/37, 22 ಗೇಜ್, ರೋಸಿನ್ ಕೋರ್ ಅಂತ ಮೂರನ್ನೂ ಹೇಳಿ, ಲೇಬಲ್ ಓದಿ ತನ್ನಿ. ನನ್ನ ಈಗಿನ ಸುರುಳಿಯಲ್ಲಿ ನಾಲ್ಕೈದು ಸುತ್ತು ಉಳಿದಿದೆ. ಮುಂದಿನ ಶನಿವಾರ ಹೋಗಿ ಅದೇ ಕಂಪನಿಯದ್ದು ಎರಡು ತರುವವನಿದ್ದೇನೆ, ಒಂದು ನನಗೆ, ಇನ್ನೊಂದು ಮಾಮನಿಗೆ.